ಗಿಟ್: ವರ್ಷಗಟ್ಲೆ ಬಳಸಿದ್ಮೇಲೆ ನನಗೆ ಬಿಟ್ಟಿರೋಕಾಗದ ಫೀಚರ್‌ಗಳು

ಕೋಡ್‌ನ ಬದಲಾವಣೆಗಳ ದಾಖಲೆ ಇಡೋ ಟೂಲ್ ಗಿಟ್. ಕಮಿಟ್ (ಬದಲಾವಣೆ ದಾಖಲಿಸೋದು), ಪುಶ್ (ಅದನ್ನ ಸರ್ವರ್‌ಗೆ ಕಳಿಸೋದು), ಪುಲ್ (ಅಲ್ಲಿಂದ ತರೋದು) ಇಷ್ಟರಲ್ಲೇ ಅದನ್ನ ಬಳಸ್ತಾ ಆರಾಮಾಗಿ ಕೆಲಸ ಮಾಡ್ಬಹುದು, ತುಂಬಾ ಜನ ಮಾಡ್ತಾರೆ ಕೂಡ, ಆದ್ರೆ ನನ್ನ ದಿನದ ಕೆಲಸ ಹಗುರ ಮಾಡಿದ್ದು ಅವಲ್ಲ, ಯಾರೂ ಕೂರಿಸ್ಕೊಂಡು ಹೇಳಿಕೊಡದ ಕೆಲವು ಕಮಾಂಡ್‌ಗಳು.

ಮೊದಲನೇ ಸ್ಥಾನ ವರ್ಕ್‌ಟ್ರೀಗೆ, ಅಂದ್ರೆ ಒಂದೇ ರೆಪೋದ (ಪ್ರಾಜೆಕ್ಟ್‌ನ ಗಿಟ್ ಸಂಗ್ರಹ) ಬೇರೆ ಬೇರೆ ಬ್ರಾಂಚ್‌ಗಳನ್ನ (ಕೋಡ್‌ನ ಪ್ರತ್ಯೇಕ ಕವಲುಗಳು) ಬೇರೆ ಬೇರೆ ಫೋಲ್ಡರ್‌ನಲ್ಲಿ ತೆರೆಯೋ ಸೌಲಭ್ಯಕ್ಕೆ. 2015ರಲ್ಲಿ 2.5 ವರ್ಷನ್ ಜೊತೆ ಬಂದಿದ್ದು, ಇವತ್ತಿಗೂ ಎಷ್ಟೋ ಜನ ಮುಟ್ಟಿ ನೋಡಿಲ್ಲ. ಒಂದು ಫೀಚರ್ ಅರ್ಧ ಬರೆದಿರ್ತೀವಿ, ಅಷ್ಟರಲ್ಲಿ ಪ್ರೊಡಕ್ಷನ್‌ನಲ್ಲಿ (ಜನ ಬಳಸ್ತಿರೋ ಆವೃತ್ತೀಲಿ) ಏನೋ ಒಡೆದಿದೆ ಈಗ್ಲೇ ನೋಡಿ ಅಂತ ಮೆಸೇಜ್ ಬರುತ್ತೆ. ಸ್ಟ್ಯಾಶ್ ಮಾಡಿ (ಅರ್ಧ ಕೆಲಸ ಪಕ್ಕಕ್ಕೆ ಎತ್ತಿಟ್ಟು) ಬ್ರಾಂಚ್ ಬದಲಾಯಿಸೋ ಗೋಜೇ ಬೇಡ, 'ಗಿಟ್ ವರ್ಕ್‌ಟ್ರೀ ಆ್ಯಡ್' ಅಂತ ಹೊಸ ಫೋಲ್ಡರ್ ಹೆಸರು, ಬ್ರಾಂಚ್ ಹೆಸರು ಕೊಟ್ರೆ ಪಕ್ಕದಲ್ಲೇ ಇನ್ನೊಂದು ಫೋಲ್ಡರ್‌ನಲ್ಲಿ ಆ ಬ್ರಾಂಚ್ ಸಿಗುತ್ತೆ, ಹಿಸ್ಟರಿ ಎಲ್ಲ ಅದೇ ರೆಪೋದ್ದು ಆದ್ರಿಂದ ಮತ್ತೆ ಕ್ಲೋನ್ ಮಾಡೋ (ಪೂರ್ತಿ ರೆಪೋ ನಕಲು ಇಳಿಸೋ) ತಾಪತ್ರಯ ಇಲ್ಲ, ಫಿಕ್ಸ್ ಮಾಡಿ ಪುಶ್ ಮಾಡಿ 'ವರ್ಕ್‌ಟ್ರೀ ರಿಮೂವ್' ಅಂದ್ರೆ ಮುಗೀತು. ಅರ್ಧ ಬರೆದ ಕೋಡು, ಎಡಿಟರ್‌ನಲ್ಲಿ ತೆಗೆದಿಟ್ಟ ಟ್ಯಾಬು, ಓಡ್ತಿರೋ ಸರ್ವರ್ ಯಾವುದೂ ಅಲುಗಾಡಲ್ಲ. ಆದ್ರೆ ಒಂದೇ ಬ್ರಾಂಚನ್ನ ಎರಡು ಕಡೆ ತೆರೆಯೋಕೆ ಗಿಟ್ ಸುಲಭಕ್ಕೆ ಒಪ್ಪಲ್ಲ, ಮತ್ತೆ ಗಿಟ್‌ಇಗ್ನೋರ್‌ನಲ್ಲಿರೋ (ಗಿಟ್ ಗಮನಿಸಬಾರದು ಅಂತ ಪಟ್ಟಿ ಮಾಡಿದ) ಎನ್ವಿ ಫೈಲು (ಸೆಟ್ಟಿಂಗ್ಸ್), ನೋಡ್ ಮಾಡ್ಯೂಲ್ಸ್ (ಇಳಿಸಿಕೊಂಡ ಲೈಬ್ರರಿಗಳು) ಥರದ್ದು ಹೊಸ ಫೋಲ್ಡರ್‌ಗೆ ಬರಲ್ಲ, ನಾವೇ ಹಾಕ್ಕೋಬೇಕು. ದೊಡ್ಡ ಪ್ರಾಜೆಕ್ಟ್‌ನಲ್ಲಿ ಇದು ಕಿರಿಕಿರಿನೇ.

ಬಗ್ ಯಾವ ಕಮಿಟ್‌ನಲ್ಲಿ ಬಂತು ಅಂತ ಹುಡುಕೋ ಬೈಸೆಕ್ಟ್ ಹೆಸರು ಕೇಳಿರ್ತೀರ, ಅದರ ನಿಜವಾದ ತಾಕತ್ತು ಇರೋದು 'ಬೈಸೆಕ್ಟ್ ರನ್'ನಲ್ಲಿ. ಸರಿ ಇದ್ದ ಒಂದು ಕಮಿಟ್, ಕೆಟ್ಟಿರೋ ಒಂದು ಕಮಿಟ್ ತೋರಿಸಿ ಟೆಸ್ಟ್ ಸ್ಕ್ರಿಪ್ಟ್ ಕೊಟ್ಬಿಟ್ರೆ ಅದೇ ಅರ್ಧರ್ಧ ಮಾಡ್ಕೊಂಡು ಹುಡುಕುತ್ತೆ, ನಡುವೆ 1000 ಕಮಿಟ್ ಇದ್ರೂ ಸುಮಾರು 10 ಸಲ ಟೆಸ್ಟ್ ಓಡೋದ್ರೊಳಗೆ ಬಗ್ ತಂದ ಕಮಿಟ್ ಕೈಗೆ ಸಿಗುತ್ತೆ. ಬಿಲ್ಡೇ ಆಗದ ಕಮಿಟ್ ಎದುರಾದ್ರೆ ಸ್ಕ್ರಿಪ್ಟ್ 125 ಅನ್ನೋ ಎಕ್ಸಿಟ್ ಕೋಡ್ (ಮುಗಿಯೋವಾಗ ಕೊಡೋ ಸಂಖ್ಯೆ) ಕೊಡೋ ಹಾಗೆ ಬರೀರಿ, ಗಿಟ್ ಅದನ್ನ ಬಿಟ್ಟು ಬೇರೆದು ನೋಡುತ್ತೆ. ಇದಿಲ್ದಿದ್ರೆ ಬಿಲ್ಡ್ ಫೇಲ್ ಆಗಿದ್ದನ್ನೂ ಬಗ್ ಅಂತಲೇ ಲೆಕ್ಕ ಹಿಡಿದು ಸಂಬಂಧವೇ ಇಲ್ಲದ ಕಮಿಟ್ ತೋರಿಸಿಬಿಡುತ್ತೆ.

ತಿಂಗಳಾನುಗಟ್ಲೆ ಬದುಕೋ ಬ್ರಾಂಚನ್ನ ಮತ್ತೆ ಮತ್ತೆ ರೀಬೇಸ್ ಮಾಡೋರು (ತಮ್ಮ ಕಮಿಟ್‌ಗಳನ್ನ ಹೊಸ ಕೋಡ್ ಮೇಲೆ ಮತ್ತೆ ಕೂರಿಸೋರು) ಗಿಟ್ ಕಾನ್ಫಿಗ್‌ನಲ್ಲಿ ರೆರೆರೆ ಅನ್ನೋ ಫೀಚರ್ ಎನೇಬಲ್ ಮಾಡ್ಕೊಳ್ಳಿ. ಒಂದು ಕಾನ್‌ಫ್ಲಿಕ್ಟ್ (ಒಂದೇ ಜಾಗದಲ್ಲಿ ಎರಡು ಬದಲಾವಣೆಗಳ ಘರ್ಷಣೆ) ನಾವು ಹೇಗೆ ಬಿಡಿಸಿದ್ವಿ ಅಂತ ನೆನಪಿಟ್ಕೊಂಡು ಅದೇ ಮತ್ತೆ ಬಂದ್ರೆ ತಾನೇ ಬಿಡಿಸುತ್ತೆ. ತಪ್ಪಾಗಿ ಬಿಡಿಸಿದ್ರೆ ಆ ತಪ್ಪನ್ನೂ ನೆನಪಿಟ್ಕೊಳ್ಳುತ್ತೆ, ಆವಾಗ 'ರೆರೆರೆ ಫರ್ಗೆಟ್' ಅಂತ ಫೈಲ್ ಹೆಸರು ಕೊಡ್ಬೇಕು. ಇಷ್ಟು ಒಳ್ಳೇದನ್ನ ಡಿಫಾಲ್ಟ್ ಆಗಿ ಆನ್ ಇಡದೇ ಮೂಲೇಲಿ ಇಟ್ಟಿರೋದು ಗಿಟ್ ಮೇಲೆ ನನ್ನ ದೊಡ್ಡ ದೂರು.

ಹಳೇ ಕೋಡ್ ಓದೋವಾಗ ಬ್ಲೇಮ್‌ಗಿಂತ (ಯಾವ ಸಾಲನ್ನ ಯಾರು ಬದಲಾಯಿಸಿದ್ರು ಅಂತ ತೋರಿಸೋ ಕಮಾಂಡ್) ನಾನು ಜಾಸ್ತಿ ಬಳಸೋದು, ಹಿಸ್ಟರಿ ತೋರಿಸೋ 'ಗಿಟ್ ಲಾಗ್'ಗೆ -L ಆಯ್ಕೆ ಹಾಕಿ. ಫಂಕ್ಷನ್ ಹೆಸರು, ಫೈಲ್ ಹೆಸರು ಕೊಟ್ರೆ ಆ ಒಂದು ಫಂಕ್ಷನ್ ಹುಟ್ಟಿದಾಗಿನಿಂದ ಏನೇನು ಬದಲಾಗಿದೆ ಅಂತ ಒಂದೊಂದೇ ಡಿಫ್ (ಹಳೇದು-ಹೊಸದರ ವ್ಯತ್ಯಾಸ) ತೋರಿಸುತ್ತೆ, ಈ ವಿಚಿತ್ರ ಇಫ್ ಕಂಡಿಷನ್ ಯಾಕಿದೆ ಅನ್ನೋದಕ್ಕೆ ಉತ್ತರ ಬಹಳ ಸಲ ಅಲ್ಲೇ ಸಿಗುತ್ತೆ. ಪೈಥಾನ್‌ನಲ್ಲಿ ಕ್ಲಾಸ್ ಒಳಗಿನ ಫಂಕ್ಷನ್ ಸಿಗ್ತಿಲ್ಲ ಅಂದ್ರೆ ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಆ ಫೈಲ್‌ಗಳಿಗೆ ಪೈಥಾನ್ ಡಿಫ್ ಅಂತ ಒಂದು ಸಾಲು ಸೇರಿಸಿ ನೋಡಿ, ಸಿಗುತ್ತೆ.