ಬಡಾವಣೆ ಪಾರ್ಕು, ಅದರ ಓಪನ್ ಜಿಮ್: ವರ್ಷಗಟ್ಟಲೆ ಬಳಸಿದ ಮೇಲೆ

ಐದಕ್ಕೆ ಮೂರು ಸ್ಟಾರ್. ಎರಡು ಇಲ್ಲಿನ ಮರಗಳಿಗೆ, ಒಂದು ಮಾಲಿಗೆ. ಜಿಮ್‌ಗೆ ಅಂತ ಏನೂ ಕೊಟ್ಟಿಲ್ಲ.

ಮೈಸೂರಿನ ಬಡಾವಣೆಯೊಂದರ ಪಾರ್ಕಿದು. ಹೆಸರು ಬೇಡ ಬಿಡಿ. ಬರೆದರೆ ಸಂಜೆ ಬೆಂಚಿನ ಮೇಲೆ ಕೂರುವ ಹಿರಿಯರು ನನ್ನನ್ನು ಸುಮ್ನೆ ಬಿಡಲ್ಲ. ಕುವೆಂಪುನಗರದವರು, ವಿಜಯನಗರದವರು ಓದಿದರೂ ‘ಇದು ನಮ್ಮ ಪಾರ್ಕೇ’ ಅನ್ನಬಹುದು.

ಮೊದಲು ಜಿಮ್. ಹಾಕಿದ ಹೊಸದರಲ್ಲಿ ಜಾತ್ರೆ. ಸೀರೆ ಸೆರಗು ಸಿಕ್ಕಿಸಿಕೊಂಡು ಅಜ್ಜಿಯರು ಏರ್ ವಾಕರ್ ಹತ್ತಿ ಕಾಲು ಬೀಸುತ್ತಿದ್ದರು. ಒಂದು ಮಳೆಗಾಲ ಕಳೆಯಿತು. ಬೇರಿಂಗ್ ಒಳಗೆ ನೀರು ಇಳಿದು ತುಕ್ಕು ಹಿಡಿಯಿತು. ಬೆಳಗ್ಗೆ ಯಾರಾದರೂ ಹತ್ತಿದರೆ ಆ ಕಿರ್‍ರ್ ಸದ್ದು ಎದುರುಸಾಲಿನ ಮನೆಗಳಿಗೂ ಕೇಳುತ್ತಿತ್ತು. ಆಮೇಲೆ ಒಂದು ಕಡೆಯ ಪೆಡಲ್ ಅಲುಗಾಡತೊಡಗಿತು. ಯಾರೋ ಪುಣ್ಯಾತ್ಮರು ಅದನ್ನು ಪ್ಲಾಸ್ಟಿಕ್ ಹಗ್ಗದಿಂದ ಕಂಬಕ್ಕೆ ಕಟ್ಟಿಹಾಕಿದರು. ಹಗ್ಗ ಬಿಸಿಲಿಗೆ ಪುಡಿಯಾಗುವವರೆಗೂ ಹಾಗೇ ಇತ್ತು.

ಗ್ರೀಸ್ ಹಾಕುವುದು ಯಾರ ಕೆಲಸ? ಮಾಲಿಯದ್ದಲ್ಲ. ಗುತ್ತಿಗೆದಾರರ ಅವಧಿ ಮುಗಿದಿದೆ. ಕೊನೆಗೆ ರೈಲ್ವೆ ವರ್ಕ್‌ಶಾಪಿನಲ್ಲಿದ್ದು ರಿಟೈರ್ ಆದ ನಮ್ಮ ವಾಕಿಂಗ್ ಗೆಳೆಯರೊಬ್ಬರು ಮನೆಯಿಂದ ಸ್ಪ್ಯಾನರು, ಗ್ರೀಸ್ ಡಬ್ಬಿ ತಂದರು. ನಟ್ಟು ಬಿಚ್ಚುತ್ತಾ, ‘ಸ್ವಾಮಿ, ಹೆಸರಿನ ಬೋರ್ಡಿಗೆ ಬಣ್ಣ ಬಳಿಯೋಕೆ ಜನ ಬರ್ತಾರೆ, ಇದಕ್ಕೊಂದು ಬೆರಳು ಗ್ರೀಸ್ ಹಚ್ಚೋರಿಲ್ಲ’ ಅಂದರು. ಈಗ ಆ ಒಂದು ಯಂತ್ರ ಸದ್ದಿಲ್ಲದೆ ಓಡುತ್ತಿದೆ. ಉಳಿದವು ಅವರ ಬಿಡುವಿಗೆ ಕಾಯುತ್ತಿವೆ.

ಯಂತ್ರಗಳು ಚೆನ್ನಾಗಿದ್ದರೂ ಇನ್ನೊಂದು ಮಾತಿದೆ. ಇವುಗಳಲ್ಲಿ ಬೇಕಾದಂತೆ ಏರಿಸುವ ತೂಕದ ಬಿಲ್ಲೆಗಳಿಲ್ಲ. ನಿಮ್ಮ ಮೈತೂಕವನ್ನೇ ಸನ್ನೆಕೋಲಿನ ಮೂಲಕ ಎತ್ತುತ್ತೀರಿ, ತಳ್ಳುತ್ತೀರಿ. ಕೀಲು ಸಡಿಲ ಮಾಡಿಕೊಳ್ಳಲು ಹಿರಿಯರಿಗೆ ಇಷ್ಟು ಸಾಕು. ಹುಡುಗರಿಗೆ ಸ್ವಲ್ಪ ದಿನದಲ್ಲೇ ಹಗುರ ಅನಿಸುತ್ತೆ. ಎರಡು ಪುಲ್‌ಅಪ್ ಕಂಬಿ, ಒಂದು ಜೊತೆ ಸಮಾನಾಂತರ ಕಂಬಿ ನೆಟ್ಟಿದ್ದರೆ ಕಡಿಮೆ ದುಡ್ಡಲ್ಲಿ ಮುಗಿಯುತ್ತಿತ್ತು. ಕಂಬಿಗೆ ಬೇರಿಂಗೂ ಇಲ್ಲ, ಗ್ರೀಸೂ ಬೇಡ.

ಇನ್ನು ವಾಕಿಂಗ್ ಪಾತ್. ಮೊದಲು ಮಣ್ಣಿನದಿತ್ತು. ಅಭಿವೃದ್ಧಿ ಅಂತ ಇಂಟರ್‌ಲಾಕ್ ಕಲ್ಲು ಹಾಸಿದರು. ಮಳೆಯಲ್ಲಿ ಕೆಸರಾಗಲ್ಲ, ಅದು ನಿಜ. ಆದರೆ ಹೊಂಗೆ ಮರಗಳ ಬುಡದವರೆಗೂ ಸಿಮೆಂಟು ತಂದು ನಿಲ್ಲಿಸಿದ್ದಾರೆ. ಬೇರಿಗೆ ನೀರು, ಗಾಳಿ ಹೋಗುವುದೆಲ್ಲಿಂದ? ಬೇರು ದಪ್ಪವಾದಂತೆ ಕಲ್ಲು ಮೇಲೆದ್ದಿವೆ, ನಸುಕಿನಲ್ಲಿ ಬಂದವರು ಎಡವುತ್ತಾರೆ. ಬುಡದ ಸುತ್ತ ನಾಲ್ಕಡಿ ಮಣ್ಣು ಬಿಟ್ಟಿದ್ದರೆ ಮರಕ್ಕೂ ಒಳ್ಳೆಯದಿತ್ತು, ಕಾಲಿಗೂ. ಮಂಡಿ ನೋವಿರುವ ದಿನ ನಾನು ಸೀದಾ ಕುಕ್ಕರಹಳ್ಳಿ ಕೆರೆಗೆ ಹೋಗುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ. ಏರಿಯ ಮೇಲೆ ನಡೆಯುತ್ತಾ ಹೆಜ್ಜಾರ್ಲೆ ಹಕ್ಕಿ ನೋಡಬಹುದು. ಅಲ್ಲಿಗೆ ನೂರಾರು ಜನ ಬರುವುದು ಜಿಮ್ ನೋಡಿಕೊಂಡಲ್ಲ, ಅಲ್ವಾ?

ಶೌಚಾಲಯ ಇದೆ, ಬೀಗದ ಸಮೇತ. ಲೈಟು ಪರವಾಗಿಲ್ಲ.

ನನಗೆ ಜಾಸ್ತಿ ಬೇಜಾರು ಮಕ್ಕಳ ವಿಷಯದಲ್ಲಿ. ಗೇಟಿನಲ್ಲೇ ‘ಆಟವಾಡುವುದನ್ನು ನಿಷೇಧಿಸಿದೆ’ ಅಂತ ಬೋರ್ಡು. ಲಾನ್ ಹಾಳಾಗುತ್ತದಂತೆ. ಹುಡುಗರು ಬೀದಿಯಲ್ಲಿ ಕಾರುಗಳ ನಡುವೆ ಕ್ರಿಕೆಟ್ ಆಡುತ್ತಾರೆ. ನಜರ್‌ಬಾದಿನಲ್ಲಿ ಚಾಮುಂಡಿ ವಿಹಾರ ಕ್ರೀಡಾಂಗಣ ಇದೆಯಲ್ಲ ಅನ್ನಬಹುದು. ದಸರಾ ಕ್ರೀಡಾಕೂಟ ನಡೆಯುವ ಜಾಗ ಅದು, ಓಟಗಾರರಿಗೆ ಬೇಕೇ ಬೇಕು. ಆದರೆ ಎಂಟು ವರ್ಷದ ಮಗು ಸ್ಕೂಲು ಮುಗಿಸಿ ಒಬ್ಬನೇ ನಜರ್‌ಬಾದಿನವರೆಗೆ ಹೋಗುವುದಾದರೂ ಹೇಗೆ? ಉದ್ಯಾನ, ಆಟದ ಬಯಲುಗಳನ್ನು ಉಳಿಸುವುದಕ್ಕೆ ಕರ್ನಾಟಕದಲ್ಲಿ 1985ರ ಕಾಯ್ದೆಯೇ ಇದೆ. ಅದರ ಹೆಸರಿನಲ್ಲಿ ಉದ್ಯಾನದ ಜೊತೆ ಆಟದ ಮೈದಾನವೂ ಇದೆ. ನಮ್ಮಲ್ಲಿ ಉದ್ಯಾನ ಉಳಿಯಿತು, ಆಟ ಹೊರಗೆ ಹೋಯಿತು. ಹಿಂದುಗಡೆ ಒಣಗಿದ ಮೂಲೆಯೊಂದಿದೆ, ಹುಲ್ಲೂ ಬೆಳೆಯಲ್ಲ. ಒಂದು ಬಲೆ ಕಟ್ಟಿ ಅದನ್ನು ಮಕ್ಕಳಿಗೆ ಬಿಟ್ಟುಕೊಟ್ಟರೆ ಯಾವ ಲಾನಿಗೂ ನಷ್ಟವಿಲ್ಲ.

ಈಗ ಅದೇ ಮೂಲೆಯಲ್ಲಿ ಕಾರಂಜಿ ಮಾಡಿಸುವ ಮಾತು ನಡೆಯುತ್ತಿದೆ. ಬೇಸಿಗೆಯಲ್ಲಿ ಗಿಡಗಳಿಗೇ ನೀರು ಸಾಲದೆ ಮಾಲಿ ಪೈಪು ಹಿಡಿದು ಒದ್ದಾಡುತ್ತಾರೆ, ಕಾರಂಜಿಗೆ ಎಲ್ಲಿಂದ ತರುತ್ತಾರೋ! ನಿವಾಸಿಗಳ ಸಭೆ ಕರೆದಾಗ ನಾನು ಕೇಳಿದ್ದು ಒಂದೇ: ಹೊಸ ಟೆಂಡರಿನಲ್ಲಿ ಕಟ್ಟುವ ಖರ್ಚಿನ ಪಕ್ಕದಲ್ಲೇ ಐದು ವರ್ಷದ ನಿರ್ವಹಣೆಯ ಖರ್ಚನ್ನೂ ಬರೆಯಿರಿ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಅಂತ ಆ ಯಂತ್ರದ ಮೇಲೇ ಬರೆಸಿ. ‘ನೋಡೋಣ’ ಅಂದಿದ್ದಾರೆ.

ಬರುವವರಿಗೆ: ಬೆಳಗ್ಗೆ ಏಳರೊಳಗೆ ಬನ್ನಿ, ಆಮೇಲೆ ಯಂತ್ರಗಳ ಹಿಡಿ ಬಿಸಿಲಿಗೆ ಕಾಯುತ್ತೆ. ಏರ್ ವಾಕರ್‌ಗಳಲ್ಲಿ ಗೇಟಿನ ಕಡೆಯದ್ದನ್ನು ಹತ್ತಿ, ಗ್ರೀಸ್ ಆಗಿರೋದು ಅದಕ್ಕೇ.