ಎವೊ 9ಗೆ 2.3 ಸ್ಟ್ರೋಕರ್ ಹಾಕ್ಸಿ ನಾಲ್ಕು ವರ್ಷ, 24,000 ಮೈಲಿ ಆದ್ಮೇಲೆ

ಕಾರು 2006ರ ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ 9, ನಾನಿರೋದು ಡೆಟ್ರಾಯಿಟ್ ಹತ್ರ. ಎಂಜಿನ್ ಹೊಸದಾಗಿ ಕೂತ ವಾರದಲ್ಲೇ ಬರೆದಿದ್ರೆ ಬರೀ ಹೊಗಳಿಕೆ ಆಗ್ತಿತ್ತು, ಅದಕ್ಕೇ ಇಷ್ಟು ದಿನ ಓಡಿಸಿ ಈಗ ಬರೀತಿದ್ದೀನಿ.

ಸ್ಟ್ರೋಕರ್ ಅಂದ್ರೇನು ಅಂತ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಇದರ 4ಜಿ63 ಎಂಜಿನ್ನಿನ ಬೋರ್ (ಸಿಲಿಂಡರ್ ಅಗಲ) 85 ಎಂಎಂ, ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡಾಡೋ ದೂರ) 88, ಒಟ್ಟು 1997 ಸಿಸಿ. ಅದೇ ಬ್ಲಾಕ್‌ಗೆ ಮಿತ್ಸುಬಿಷಿಯದೇ 2.4 ಲೀಟರ್ ಎಂಜಿನ್ 4ಜಿ64ರ ಅಳತೆಯ 100 ಎಂಎಂ ಸ್ಟ್ರೋಕ್ ಕ್ರ್ಯಾಂಕ್ (ಪಿಸ್ಟನ್ ತಿರುಗಿಸೋ ಶಾಫ್ಟ್) ಕೂರಿಸಿದ್ರೆ 2270 ಆಗುತ್ತೆ, ಇದೇ ಸ್ಟ್ರೋಕರ್, ನನ್ನದು ಬೋರನ್ನೂ ಅರ್ಧ ಎಂಎಂ ದೊಡ್ಡದು ಮಾಡ್ಸಿದ್ರಿಂದ 2297. ಪಿಸ್ಟನ್ ಮೇಲಕ್ಕೆ 6, ಕೆಳಕ್ಕೆ 6 ಎಂಎಂ ಜಾಸ್ತಿ ಓಡಾಡುತ್ತೆ ಆದ್ರೆ ಬ್ಲಾಕ್ ಎತ್ತರ ಇದ್ದಷ್ಟೇ ಇರುತ್ತಲ್ಲ, ಹಾಗಾಗಿ ಪಿಸ್ಟನ್ನನ್ನ ಕ್ರ್ಯಾಂಕಿಗೆ ಸೇರ್ಸೋ 150 ಎಂಎಂ ರಾಡ್ ಇಟ್ಕೊಂಡು, ಪಿನ್ ತೂತು 6 ಎಂಎಂ ಮೇಲಿರೋ ಫೋರ್ಜ್ಡ್ ಪಿಸ್ಟನ್ ಹಾಕ್ಬೇಕು. ಬೋರಿನ ತಳದಲ್ಲಿ ರಾಡ್ ತಾಗೋ ಜಾಗ ಸ್ವಲ್ಪ ತರೀಬೇಕಾಗಬಹುದು, ಆಯಿಲ್ ಚಿಮ್ಮಿಸೋ ನಾಝಲ್‌ಗೂ ಗ್ಯಾಪ್ ಇದೆಯಾ ಅಂತ ಕ್ರ್ಯಾಂಕನ್ನ ಕೈಯಲ್ಲಿ ತಿರುಗಿಸಿ ನೋಡ್ಬೇಕು.

ಓಡ್ಸೋವಾಗ ಏನು ವ್ಯತ್ಯಾಸ ಅಂದ್ರೆ, ಕಂಪನಿದಕ್ಕಿಂತ ಒಂದು ಸೈಜ್ ದೊಡ್ಡ ಟರ್ಬೊ ಇದೆ ನಂದ್ರಲ್ಲಿ, 2 ಲೀಟರ್ ಇದ್ದಾಗ 22 ಪಿಎಸ್‌ಐ ಬೂಸ್ಟ್ (ಟರ್ಬೊ ಒಳಗೆ ತಳ್ಳೋ ಗಾಳಿಯ ಒತ್ತಡ) ಬರೋಕೆ 4,300 ಆರ್‌ಪಿಎಂ ದಾಟ್ಬೇಕಿತ್ತು, ಈಗ 3,700ಕ್ಕೇ ಬರುತ್ತೆ. ಬರೀ 600 ಆರ್‌ಪಿಎಂ ತಾನೇ ಅನ್ಸಬಹುದು. ಹೈವೇಗೆ ಸೇರ್ಕೊಳ್ಳೋವಾಗ ಮೂರನೇ ಗೇರಲ್ಲಿ ಕಾಲಿಟ್ರೆ ಮೊದಲು ಒಂದು ಉಸಿರು ಕಾಯ್ಬೇಕಿತ್ತು, ಈಗ ಕಾಯೋದೇ ಇಲ್ಲ, ಬೆನ್ನು ಸೀಟಿಗೆ ಅಂಟ್ಕೊಂಡಿರುತ್ತೆ. ನನಗೆ ಬೇಕಾಗಿದ್ದು ಇದೇ, ದಿನಾ ಸಿಗೋ ಖುಷಿ ಇದು.

ಕಳ್ಕೊಂಡಿದ್ದು ಮೇಲಿನ ರೆವ್. 7,200ಕ್ಕೆ ಲಿಮಿಟರ್ ಇಟ್ಟಿದ್ದೀನಿ, ಅಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರ್. ಅದೇ ವೇಗ ಮುಟ್ಟೋಕೆ 88ರ ಕ್ರ್ಯಾಂಕ್ ಸುಮಾರು 8,200 ತಿರುಗ್ಬೇಕು. ಟ್ರ್ಯಾಕಲ್ಲಿ ಎಂಜಿನ್ ಕಿರುಚಿಸಿ ಓಡ್ಸೋ ಆಸೆ ಇರೋರು 2 ಲೀಟರಲ್ಲೇ ಒಳ್ಳೆ ರಾಡ್, ಪಿಸ್ಟನ್ ಹಾಕ್ಸಿ, ಅವ್ರಿಗೆ ಸ್ಟ್ರೋಕರ್ ಬೇಡ ಅಂತಾನೇ ಹೇಳ್ತೀನಿ. ನಡುಕ ತಗ್ಗಿಸೋ ಬ್ಯಾಲೆನ್ಸ್ ಶಾಫ್ಟ್ ತೆಗೆಸಿದ್ರಿಂದ ಐಡ್ಲಿಂಗಲ್ಲಿ ಸ್ಟೀರಿಂಗ್ ಸಣ್ಣಗೆ ನಡುಗುತ್ತೆ, ಚಳಿ ಬೆಳಗ್ಗೆ ಫೋರ್ಜ್ಡ್ ಪಿಸ್ಟನ್ ಮೊದಲ ಐದು ನಿಮಿಷ ಟಕ್ ಟಕ್ ಅನ್ನುತ್ತೆ, ಬಿಸಿ ಆದ್ಮೇಲೆ ನಿಂತೋಗುತ್ತೆ.

ಈಗ ಮುಖ್ಯವಾದ ವಿಷಯ. ಇದು ನಾನು ಕಟ್ಸಿದ ಎರಡನೇ ಎಂಜಿನ್, ಬೇರೆ ಶಾಪಲ್ಲಿ ಕಟ್ಸಿದ ಮೊದಲನೇದು 900 ಮೈಲಿಗೇ ಹೋಯ್ತು. ಎರಡನೇ ಆಯಿಲ್ ಬದಲಾಯಿಸೋವಾಗ ಫಿಲ್ಟರ್ ಕತ್ತರಿಸಿ ಒಳಗಿನ ಮಡಿಕೆ ಬಿಡಿಸಿದೆ, ಬಿಸಿಲಿಗೆ ಹಿಡಿದ್ರೆ ಲೋಹದ ಪುಡಿ ಸೀರೆ ಜರಿ ಥರ ಮಿನುಗ್ತಿತ್ತು, ನೋಡಿ ಹೊಟ್ಟೆ ತೊಳಸಿದಂಗಾಯ್ತು. ಬಿಚ್ಚಿದಾಗ ಮೂರನೇ ಮೇನ್ ಬೇರಿಂಗ್ (ಕ್ರ್ಯಾಂಕ್ ಕೂತು ತಿರುಗೋದು) ಒಂದೇ ಕಡೆ ತಾಮ್ರ ಕಾಣೋಷ್ಟು ಸವೆದಿತ್ತು. ದಾವಣಗೆರೆಲಿ ಮೂವತ್ತು ವರ್ಷ ಲಾರಿ ಎಂಜಿನ್ ಬೋರ್ ಮಾಡಿದ ನಮ್ಮ ಸೋದರಮಾವನಿಗೆ ವೀಡಿಯೊ ಕಾಲಲ್ಲಿ ತೋರಿಸಿದೆ, ನೋಡಿದ ತಕ್ಷಣ "ಕ್ಯಾಪ್ ಟೈಟ್ ಮಾಡಿ ಬೋರ್ ಗೇಜ್ ಹಾಕಿ ನೋಡಿದ್ರೇನೋ ಅವ್ರು?" ಅಂದ್ರು, ಅಂದ್ರೆ ಬೇರಿಂಗ್ ಕೂರೋ ತೂತಿನ ಅಳತೆ ತೆಗೆದಿದ್ರಾ ಅಂತ. ತೆಗೆದಿರ್ಲಿಲ್ಲ. ಹಳೇ ಬೋಲ್ಟ್ ಬದಲು ಎಆರ್‌ಪಿ ಕಂಪನಿಯ ಮೇನ್ ಸ್ಟಡ್ ಹಾಕಿದ್ರೆ ಬಿಗಿಯೋ ಬಲ ಬದಲಾಗುತ್ತೆ, ಬೇರಿಂಗ್ ಕೂರೋ ತೂತಿನ ಆಕಾರವೂ ಕೂದಲೆಳೆಯಷ್ಟು ಬದಲಾಗುತ್ತೆ, ಅದನ್ನ ಲೈನ್ ಹೋನ್ ಮಾಡಿ (ಎಲ್ಲಾ ತೂತನ್ನೂ ಒಂದೇ ಸಾಲಲ್ಲಿ ಉಜ್ಜಿ) ಸರಿ ಮಾಡ್ಬೇಕು. ಆ ಶಾಪಿನೋರು ಅದನ್ನೂ ಮಾಡಿರ್ಲಿಲ್ಲ. ಸ್ಟಡ್‌ದು ಏನೂ ತಪ್ಪಿಲ್ಲ, ಈಗ್ಲೂ ಅದೇ ಸ್ಟಡ್ ಇರೋದು.

ಎರಡನೇ ಶಾಪಿನೋರು ಎಂಜಿನ್ ಜೊತೆ ಒಂದು ಹಾಳೆ ಕೊಟ್ರು. ಐದೂ ಮೇನ್ ಬೇರಿಂಗ್ ಕ್ಲಿಯರೆನ್ಸ್ (ಆಯಿಲಿಗೆ ಬಿಡೋ ಸಂದು), ನಾಲ್ಕೂ ರಾಡ್‌ದು, ಪಿಸ್ಟನ್ನಿಗೂ ಗೋಡೆಗೂ ನಡುವಿನ ಜಾಗ, ಪ್ರತಿ ರಿಂಗಿನ ಗ್ಯಾಪ್, ಎಲ್ಲಾ ಕೈಯಲ್ಲಿ ಬರೆದಿದ್ದು. ಬೋರ್ ಹೋನ್ ಮಾಡೋವಾಗ್ಲೂ ಹೆಡ್ ಬಿಗಿದಷ್ಟೇ ಒತ್ತಡ ಬೀಳ್ಲಿ ಅಂತ ಟಾರ್ಕ್ ಪ್ಲೇಟ್ ಹಾಕಿದ್ರು. ಯಾವ ಬ್ರ್ಯಾಂಡ್ ಕಿಟ್ ತಗೊಳ್ಳಲಿ ಅಂತ ತುಂಬಾ ಜನ ಕೇಳ್ತಾರೆ, ಅದಕ್ಕಿಂತ ಮೊದಲು ಶಾಪಿಗೆ ಹೋಗಿ ಇಂಥ ಹಾಳೆ ಕೊಡ್ತೀರಾ ಅಂತ ಕೇಳಿ, ಯಾಕೆ ಬೇಕು ಅಂತ ತಿರುಗಿ ಕೇಳಿದ್ರೆ ಬ್ಲಾಕ್ ವಾಪಸ್ ಎತ್ಕೊಂಡು ಬನ್ನಿ.

ಪೆಟ್ರೋಲ್ ಬಗ್ಗೆ ಒಂದ್ಮಾತು, ಇಲ್ಲಿ ಇ85 (ಎಥನಾಲ್ ಹೆಚ್ಚಿರೋ ಪೆಟ್ರೋಲ್) ಸಿಗುತ್ತೆ, ಬೂಸ್ಟ್‌ಗೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ, ಆದ್ರೆ ಹೆಸರಲ್ಲಿ 85 ಇದ್ರೂ ಎಥನಾಲ್ 51ರಿಂದ 83 ಪರ್ಸೆಂಟ್ ತನಕ ಎಷ್ಟಾದ್ರೂ ಇರಬಹುದು, ಚಳಿಗಾಲದಲ್ಲಿ ಕಮ್ಮಿ ಮಾಡ್ತಾರೆ. ಎಥನಾಲ್ ಸೆನ್ಸರ್ ಹಾಕ್ಸದೆ ಅದರ ಮೇಲೆ ಟ್ಯೂನ್ ಮಾಡಿಸ್ಬೇಡಿ.

ಹೋದ ತಿಂಗಳು ಟೈಮಿಂಗ್ ಬೆಲ್ಟ್ ಬದಲಾಯಿಸೋವಾಗ ಕಂಪ್ರೆಷನ್ ಟೆಸ್ಟೂ ಮಾಡ್ಸಿದೆ, ನಾಲ್ಕೂ ಸಿಲಿಂಡರ್ ನಡುವೆ 5 ಪಿಎಸ್‌ಐ ವ್ಯತ್ಯಾಸವೂ ಇಲ್ಲ. ಫಿಲ್ಟರ್ ಈಗ್ಲೂ ಪ್ರತಿ ಸಲ ಕತ್ತರಿಸಿ ನೋಡ್ತೀನಿ, ಮಾವನಿಗೂ ಒಂದು ಫೋಟೋ ಹೋಗುತ್ತೆ.