ಪಿಪಿಪಿಡಿ: ಪೀಣ್ಯದ ಶೆಡ್ಡಿನಲ್ಲಿ ಮೂರು ತಂತಿಯ ನೆಟ್‌ವರ್ಕ್

ಪಿಪಿಪಿಡಿ ಅನ್ನೋ ಸಾಫ್ಟ್‌ವೇರಿನ ರಿವ್ಯೂ ಇದು, ರೇಟಿಂಗ್ ಮೊದಲೇ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕು. ಒಂದು ಅಂಕ ಯಾಕೆ ಕಡಿಮೆ ಅಂತ ಕೆಳಗೆ ಬರುತ್ತದೆ, ಅದಕ್ಕೆ ನನ್ನದೊಂದು ಸೋಮವಾರ ಪೂರ್ತಿ ಹಾಳಾಗಿದೆ.

ಪೀಣ್ಯ ಎರಡನೇ ಹಂತದಲ್ಲಿ ನಮ್ಮ ಸೋದರಮಾವನ ಹೀಟ್ ಟ್ರೀಟ್‌ಮೆಂಟ್ ಶೆಡ್ ಇದೆ, ಲೋಹದ ಸಾಮಾನು ಕಾಯಿಸಿ ಹದ ಮಾಡುವ ಕೆಲಸ. ಎರಡು ಫರ್ನೇಸ್. ದೊಡ್ಡದರ ಪಕ್ಕದ ಗೋಡೆಯಲ್ಲಿ ಟೆಂಪರೇಚರ್ ಬರೆದಿಟ್ಟುಕೊಳ್ಳುವ ಒಂದು ಡಬ್ಬ, ಅದರೊಳಗೆ ಹಳೇ ಲಿನಕ್ಸ್. ಹೋದ ಮಳೆಗಾಲದಲ್ಲಿ ಸಿಡಿಲು ಬಡಿದು ಡಬ್ಬದ ಈಥರ್ನೆಟ್ ಪೋರ್ಟ್ ಸತ್ತಿತು. ಡಬ್ಬ ಮಾತ್ರ ಏನೂ ಆಗದ ಹಾಗೆ ಓಡುತ್ತಿತ್ತು. ಪ್ರತಿ ಲಾಟ್ ಜೊತೆ ಪಾರ್ಟಿಗೆ ಟೆಂಪರೇಚರ್ ಚಾರ್ಟ್ ಕೊಡಬೇಕು, ಚಾರ್ಟ್ ನೋಡಿದರೆ ಒಳಗೇ ಸಿಕ್ಕಿಕೊಂಡಿದೆ. ಯುಎಸ್‌ಬಿ ಇಲ್ಲ. ಡಬ್ಬ ಮಾರಿದವರು ಬೋರ್ಡೇ ಬದಲಾಯಿಸಬೇಕು ಅಂದರು, ಅವರು ಹೇಳಿದ ರೇಟಿಗೆ ಒಂದು ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಬರುತ್ತದೆ. ಉಳಿದಿದ್ದು ಒಂಬತ್ತು ಪಿನ್ನಿನ ಒಂದು ಸೀರಿಯಲ್ ಪೋರ್ಟ್, ಒಂದೊಂದೇ ಬಿಟ್ ಸಾಲಾಗಿ ಕಳಿಸುವ ಹಳೇ ಕಾಲದ್ದು.

"ಏನಾದ್ರೂ ಆಗುತ್ತಾ ನೋಡಪ್ಪ" ಅಂದರು ಮಾವ.

ಪಿಪಿಪಿಡಿ ಅನ್ನೋದು ಸೀರಿಯಲ್ ತಂತಿಯ ಮೇಲೆ ಐಪಿ, ಅಂದರೆ ಇಂಟರ್ನೆಟ್ಟಿನ ಭಾಷೆ ಓಡಿಸುವ ಓಪನ್ ಸೋರ್ಸ್ ಪ್ರೋಗ್ರಾಮು. ಮೂಲ ಕೋಡ್ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯದು, ಮುಂದೆ ವರ್ಷಾನುಗಟ್ಟಲೆ ನೋಡಿಕೊಂಡಿದ್ದು ಆಸ್ಟ್ರೇಲಿಯಾದ ಪಾಲ್ ಮ್ಯಾಕೆರಸ್. ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಪ್ರೋಗ್ರಾಮ್ ಬರೆದ ಇಬ್ಬರಲ್ಲಿ ಒಬ್ಬರು ಇವರೇ. ಡಯಲಪ್ ಮೋಡೆಮ್ ಕಾಲದ ಸಾಮಾನು, ಈಗ ಯಾರಿಗೆ ಬೇಕು ಅಂತ ಅನ್ನಿಸಬಹುದು. ಆದರೆ ಯೂಸರ್‌ನೇಮ್ ಪಾಸ್‌ವರ್ಡ್ ಹಾಕುವ ಪಿಪಿಪಿಒಇ ಫೈಬರ್ ಕನೆಕ್ಷನ್ನಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಓಪನ್ ಸೋರ್ಸ್ ಸಾಫ್ಟ್‌ವೇರಿನ ರೂಟರ್ ಇಟ್ಟಿದ್ದರೆ, ಒಳಗೆ ಓಡುತ್ತಿರುವುದು ಇದೇ. 2023ರಲ್ಲಿ 2.5.0 ಬಂತು, ಅಂದರೆ ಇನ್ನೂ ಉಸಿರಾಡುತ್ತಿದೆ.

ಇದೇ ಕೆಲಸಕ್ಕೆ ಇದಕ್ಕಿಂತ ಹಳೆಯದು ಸ್ಲಿಪ್ ಅನ್ನುವ ಪದ್ಧತಿ. ಅದರ ದಾಖಲೆ 1988ರ ಆರ್‌ಎಫ್‌ಸಿ 1055 (ಇಂಟರ್ನೆಟ್ ಪದ್ಧತಿಗಳನ್ನು ಬರೆದಿಡುವ ಸರಣಿ), ಅದರ ತಲೆಬರಹದಲ್ಲೇ ಇದು ಸ್ಟ್ಯಾಂಡರ್ಡ್ ಅಲ್ಲ ಅಂತ ಹೇಳಿಕೊಂಡಿದ್ದಾರೆ, ಪ್ರಾಮಾಣಿಕರು. ಅದನ್ನೇ ಹಾಕಿ ಮುಗಿಸೋಣ ಅಂದುಕೊಂಡಿದ್ದೆ. ಆದರೆ ಸ್ಲಿಪ್‌ನಲ್ಲಿ ಕಳಿಸಿದ್ದು ಸರಿಯಾಗಿ ತಲುಪಿತಾ ಅಂತ ನೋಡುವ ಚೆಕ್‌ಸಮ್ ಇಲ್ಲ, ಆ ಕಡೆಯವನು ಬದುಕಿದ್ದಾನಾ ಅಂತ ಕೇಳುವ ದಾರಿಯೂ ಇಲ್ಲ. ಫರ್ನೇಸಿನ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಕರೆಂಟಿನ ಸ್ವಿಚ್, ಟಕ್ ಅಂದಾಗಲೆಲ್ಲ ತಂತಿಯಲ್ಲಿ ಕಸ ಬರುವ ಜಾಗದಲ್ಲಿ ಅದು ಬೇಡ ಅನ್ನಿಸಿತು. ಪಿಪಿಪಿಡಿ ಬಳಸುವ ಪಿಪಿಪಿ ಪದ್ಧತಿ ಪ್ರತಿ ಫ್ರೇಮಿನ, ಅಂದರೆ ಕಳಿಸುವ ಪ್ರತಿ ತುಂಡಿನ ಕೊನೆಗೆ 16 ಬಿಟ್ ಚೆಕ್‌ಸಮ್ ಹಾಕುತ್ತದೆ, ಕೆಟ್ಟ ಫ್ರೇಮ್ ಅಲ್ಲೇ ಕಸದಬುಟ್ಟಿಗೆ.

ಕೆಲಸ ಮಾಡುವ ರೀತಿ ನಮ್ಮ ಮದುವೆ ದಲ್ಲಾಳಿಯ ಹಾಗೆ. ಮೊದಲು ಎಲ್‌ಸಿಪಿ ಅಂತ ಮಾತುಕತೆ, ಲೈನ್ ಹೇಗಿರಬೇಕು ಅಂತ. ಆಮೇಲೆ ಬೇಕಿದ್ದರೆ ಪಾಸ್‌ವರ್ಡ್ ವಿಚಾರಣೆ. ಆಮೇಲೆ ಐಪಿಸಿಪಿ, ಯಾರಿಗೆ ಯಾವ ವಿಳಾಸ ಅಂತ. ಒಪ್ಪಿಗೆ ಆದಮೇಲೆ ಲಿನಕ್ಸ್‌ನಲ್ಲಿ ಸಂಸಾರ ನಡೆಸುವುದು ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು. ಪಿಪಿಪಿಡಿ ಆಗಾಗ ಇಣುಕಿ ನೋಡುತ್ತದೆ ಅಷ್ಟೇ. ಅದಕ್ಕೇ ಸಿಪಿಯು ತಿನ್ನುವುದೇ ಇಲ್ಲ.

ಇನ್ನು ನನ್ನ ಪಾಡು. ಎಸ್‌ಪಿ ರೋಡಿಗೆ ಹೋಗಿ ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಮತ್ತು ಕೇಬಲ್ ತಂದೆ. ಎರಡು ಕಂಪ್ಯೂಟರ್ ನೇರವಾಗಿ ಜೋಡಿಸುವ ನಲ್ ಮೋಡೆಮ್ ಕೇಬಲ್ ಬೇಕು ಅಂದೆ, ಮಾಮೂಲಿ ಸೀರಿಯಲ್ ಕೇಬಲ್ ಕೊಟ್ಟು "ಎರಡೂ ಒಂದೇ ಸಾರ್" ಅಂದ ಅಂಗಡಿಯ ಹುಡುಗ. ಒಂದೇ ಅಲ್ಲ! ನಲ್ ಮೋಡೆಮ್‌ನಲ್ಲಿ 2 ಮತ್ತು 3ನೇ ಪಿನ್ ಅದಲುಬದಲು ಆಗಿರಬೇಕು, ಇಲ್ಲದಿದ್ದರೆ ಇಬ್ಬರೂ ಬಾಯಿಗೆ ಬಾಯಿ ಕೊಟ್ಟು ಮಾತಾಡುತ್ತಾರೆ, ಕಿವಿ ಯಾರದ್ದೂ ಇಲ್ಲ. ಕೊನೆಗೆ ನಾನೇ ಮೂರು ತಂತಿ ಬೆಸುಗೆ ಹಾಕಿ ಕೇಬಲ್ ಮಾಡಿದೆ. ಅಂದಹಾಗೆ ಕನ್ವರ್ಟರ್ ತರುವಾಗ ಆರ್‌ಎಸ್-232 ಅಂತ ಕೇಳಿ ತನ್ನಿ. ಆರ್ಡುಯಿನೋದಂಥ ಹವ್ಯಾಸಿ ಸರ್ಕ್ಯೂಟ್‌ಗಳಿಗೆ ಬಳಸುವ, ಕಡಿಮೆ ವೋಲ್ಟೇಜಿನ ಚಿಕ್ಕ ಟಿಟಿಎಲ್ ಬೋರ್ಡ್ ತಂದು ಇಂಥ ಪೋರ್ಟಿಗೆ ಸಿಕ್ಕಿಸಿದರೆ ಸುಟ್ಟುಹೋಗುವ ಚಾನ್ಸೇ ಜಾಸ್ತಿ.

ಲಾಗಿನ್ ಸಿಕ್ಕಿತು. ಡಬ್ಬದಲ್ಲಿ ಪಿಪಿಪಿಡಿ 2.4.5 ಮೊದಲೇ ಇತ್ತು, ಪುಣ್ಯ. ಈ ಕಡೆ ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಇಟ್ಟೆ. ಚಾಲೂ ಮಾಡಿದ ತಕ್ಷಣ, ಆ ಕಡೆಯವರು ತಮ್ಮ ಗುರುತು ಹೇಳಲೇಬೇಕು ಅಂತ ಹಟ ಹಿಡಿದು ಪೈ ಲೈನ್ ಕತ್ತರಿಸಿತು. ಮ್ಯಾನ್ ಪೇಜ್, ಅಂದರೆ ಅದರ ಕೈಪಿಡಿ ಓದಿದಮೇಲೆ ಗೊತ್ತಾಯಿತು, ಮಷೀನಿಗೆ ಮೊದಲೇ ಡಿಫಾಲ್ಟ್ ರೂಟ್ (ಹೊರಗಿನ ನೆಟ್‌ವರ್ಕಿಗೆ ಹೋಗುವ ದಾರಿ) ಇದ್ದರೆ ಪಿಪಿಪಿಡಿ ತಾನಾಗಿಯೇ ಎದುರಿನವರ ಗುರುತು ಕೇಳುತ್ತದೆ. ದಾರಿಹೋಕರು ಬಂದು ಸೇರಿಕೊಳ್ಳದಿರಲಿ ಅಂತ. ಸರಿಯಾದ ಯೋಚನೆಯೇ. ನನ್ನದು ಎರಡು ಮೀಟರ್ ಕೇಬಲ್, ಅದಕ್ಕೆ ಗುರುತು ಕೇಳಬೇಡ ಅನ್ನುವ ನೋಆತ್ ಆಪ್ಷನ್ ಹಾಕಿದೆ.

ಆಮೇಲೆ ಎಲ್‌ಸಿಪಿ ಟೈಮ್‌ಔಟ್. ಈ ಮೆಸೇಜ್ ನೋಡಿ ಎರಡು ಸಂಜೆ ತಲೆ ಕೆರೆದುಕೊಂಡಿದ್ದೇನೆ. ಕೇಬಲ್ ತಪ್ಪಿದರೂ ಇದೇ ಮೆಸೇಜ್, ಸ್ಪೀಡ್ ತಪ್ಪಿದರೂ ಇದೇ, ಆ ಕಡೆ ಪಿಪಿಪಿಡಿ ಶುರುವೇ ಆಗದಿದ್ದರೂ ಇದೇ. ತಪ್ಪು ನನ್ನದೇ ಆಗಿತ್ತು. ಹಳೇ ಮೋಡೆಮ್ ಸೆಟ್ಟಿಂಗಿನಿಂದ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಸಾಲನ್ನು ಸುಮ್ನೆ ಕಾಪಿ ಮಾಡಿದ್ದೆ. ನನ್ನ ಮೂರು ತಂತಿಯ ಕೇಬಲ್ಲಿನಲ್ಲಿ ಅದಕ್ಕೆ ಬೇಕಾದ 7 ಮತ್ತು 8ನೇ ಪಿನ್ನಿನ ತಂತಿಯೇ ಇಲ್ಲ, ಪೋರ್ಟ್ "ಕಳಿಸು" ಅನ್ನುವ ಸಿಗ್ನಲ್ಲಿಗೆ ಕಾಯುತ್ತಾ ಕೂತಿತ್ತು. ಆ ಸಾಲು ತೆಗೆದೆ, ಮೋಡೆಮ್ ಸಿಗ್ನಲ್ ಲೆಕ್ಕಕ್ಕೆ ತಗೋಬೇಡ ಅನ್ನುವ ಲೋಕಲ್ ಆಪ್ಷನ್ ಹಾಕಿದೆ, ಐದು ಸೆಕೆಂಡಿನಲ್ಲಿ ಪಿಂಗ್, ಅಂದರೆ ಆ ಕಡೆಯ ಉತ್ತರ ಬಂತು. ಡಿಬಗ್ ಆನ್ ಮಾಡಿದರೆ ಯಾರು ಏನು ಕೇಳಿದರು, ಯಾರು ಒಪ್ಪಿದರು ಅಂತ ಸಾಲುಸಾಲಾಗಿ ತೋರಿಸುತ್ತದೆ, ಅದು ನಿಜಕ್ಕೂ ಚೆನ್ನಾಗಿದೆ. ಉತ್ತರವೇ ಬರದಾಗ ಮಾತ್ರ ಬಾಯಿ ಬಿಡುವುದಿಲ್ಲ.

ನನಗೆ ತುಂಬಾ ಇಷ್ಟವಾಗಿದ್ದು ಪ್ರಾಕ್ಸಿ ಎಆರ್‌ಪಿ. ಡಬ್ಬಕ್ಕೆ ಆಫೀಸಿನ ಲ್ಯಾನ್‌ನಲ್ಲಿ ಮೊದಲಿದ್ದ, ಈಗ ಖಾಲಿ ಬಿದ್ದಿದ್ದ ವಿಳಾಸವನ್ನೇ ಕೊಟ್ಟು, ಪೈನಲ್ಲಿ ಬಂದ ಪ್ಯಾಕೆಟ್ ಮುಂದೆ ದಾಟಿಸುವ ಐಪಿ ಫಾರ್ವರ್ಡಿಂಗ್ ಆನ್ ಮಾಡಿ, ಈ ಆಪ್ಷನ್ ಹಾಕಿದರೆ ಸಾಕು. ಆ ವಿಳಾಸ ಯಾರದು ಅಂತ ಲ್ಯಾನ್‌ನಲ್ಲಿ ಯಾರಾದರೂ ಕೇಳಿದರೆ ಡಬ್ಬದ ಪರವಾಗಿ ಪೈ ಉತ್ತರ ಕೊಡುತ್ತದೆ. ಅಕೌಂಟ್ಸ್ ನೋಡುವ ಅಕ್ಕ ತಮ್ಮ ಕಂಪ್ಯೂಟರಿನಲ್ಲಿ ಏನೂ ಬದಲಾಯಿಸಲಿಲ್ಲ, ಹಳೇ ವಿಳಾಸ ಹೊಡೆದರು, ಚಾರ್ಟ್ ಬಂತು. ಪೋರ್ಟ್ ಸತ್ತಿದೆ ಅಂತಲೇ ಅವರಿಗೆ ಗೊತ್ತಿಲ್ಲ.

ಸ್ಪೀಡ್ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. ಸೆಕೆಂಡಿಗೆ 115200 ಬಿಟ್‌ನಲ್ಲಿ ಓಡಿಸಿದರೂ ಒಂದು ಬೈಟಿಗೆ 10 ಬಿಟ್ ಹೋಗುತ್ತದೆ, ಅಂದರೆ ಸೆಕೆಂಡಿಗೆ 11 ಕೆಬಿ ಚಿಲ್ಲರೆ. ಒಂದು ಲಾಟಿನ ಫೈಲ್ 200 ಕೆಬಿ ಹತ್ತಿರ, ಇಪ್ಪತ್ತು ಸೆಕೆಂಡು. ಟೀ ಒಂದು ಗುಟುಕು. ವಿಡಿಯೋ ನೋಡಬೇಕು ಅನ್ನುವವರು ಬೇರೆ ರಿವ್ಯೂ ಓದಿ.

ಈಗ ಆ ಸೋಮವಾರ. ಲೈನ್ ಬಿದ್ದರೆ ಮತ್ತೆ ತಾನೇ ಎದ್ದುಕೊಳ್ಳಲಿ ಅಂತ ಪರ್ಸಿಸ್ಟ್ ಆಪ್ಷನ್ ಹಾಕಿದ್ದೆ. ಎಲ್‌ಸಿಪಿ ಎಕೋ ಕೂಡ ಹಾಕಿದ್ದೆ, ಹತ್ತು ಸೆಕೆಂಡಿಗೊಮ್ಮೆ ಇದ್ದೀಯಾ ಅಂತ ಕೇಳಿ ಮೂರು ಸಲ ಉತ್ತರ ಬರದಿದ್ದರೆ ಲೈನ್ ಬಿದ್ದಿದೆ ಅಂತ ಲೆಕ್ಕ. ಭಾನುವಾರ ಶೆಡ್ಡಿನಲ್ಲಿ ಕರೆಂಟ್ ಇರಲಿಲ್ಲ. ಪೈ ಆಫೀಸಿನ ಯುಪಿಎಸ್ ಮೇಲಿತ್ತು, ಡಬ್ಬ ಇರಲಿಲ್ಲ. ಸೋಮವಾರ ಬೆಳಿಗ್ಗೆ ಎಂಟಕ್ಕೇ ಮಾವನ ಫೋನ್, "ನಿನ್ನ ಇಂಟರ್ನೆಟ್ ಮಲಗಿದೆ ಕಣೋ". ರಜೆ ಹಾಕಿ, ತುಮಕೂರು ರಸ್ತೆ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕೂತು ಹೋದರೆ, ಪಿಪಿಪಿಡಿ ಓಡುತ್ತಲೇ ಇಲ್ಲ. ಸತತ ಹತ್ತು ಸಲ ಸೋತರೆ ಅದು ಕೈಬಿಟ್ಟು ಹೊರಡುತ್ತದಂತೆ, ಮ್ಯಾಕ್ಸ್‌ಫೇಲ್ ಅನ್ನುವ ಸೆಟ್ಟಿಂಗ್, ಡಿಫಾಲ್ಟ್ 10. ಸೊನ್ನೆ ಹಾಕಿದರೆ ಎಷ್ಟು ಸಲ ಬೇಕಾದರೂ ಪ್ರಯತ್ನಿಸುತ್ತದೆ. ಬಿಡಬೇಡ ಅಂತ ಹೇಳಿದಮೇಲೂ ಹತ್ತಕ್ಕೇ ಬಿಡುವುದು ಯಾವ ನ್ಯಾಯ? ಆ ಒಂದು ಅಂಕ ಕತ್ತರಿಸಿದ್ದು ಇದಕ್ಕೇ.

ಸೆಕ್ಯುರಿಟಿ ವಿಷಯ ಗಂಭೀರವಾದದ್ದು. 2.4.2ರಿಂದ 2.4.8ರ ತನಕದ ವರ್ಷನ್‌ಗಳಲ್ಲಿ ಇಎಪಿ ಅನ್ನುವ, ಗುರುತು ಪರೀಕ್ಷಿಸುವ ಭಾಗದಲ್ಲಿ ದೊಡ್ಡ ತೂತಿತ್ತು, 2020ರಲ್ಲಿ ಬೆಳಕಿಗೆ ಬಂತು. ನೀವು ಇಎಪಿ ಬಳಸದಿದ್ದರೂ ಎದುರಿನವರು ಅಂಥ ಪ್ಯಾಕೆಟ್ ಕಳಿಸಿ ಒಳನುಗ್ಗಬಹುದಿತ್ತು. ಡಬ್ಬದ ವರ್ಷನ್ ಅದರಲ್ಲೇ ಬರುತ್ತದೆ, ಆದರೆ ಆ ಕೇಬಲ್ಲಿನ ಇನ್ನೊಂದು ತುದಿ ನನ್ನದೇ ಪೈ, ಹಾಗಾಗಿ ಬಿಟ್ಟಿದ್ದೇನೆ. ಮನೆಯ ರೂಟರ್ ಹಳೆಯದಾಗಿದ್ದರೆ ಅಲ್ಲಿ ಬಿಡಬೇಡಿ, ಅಪ್‌ಡೇಟ್ ಮಾಡಿ.

ಐದು ತಿಂಗಳಾಯಿತು, ಮ್ಯಾಕ್ಸ್‌ಫೇಲ್ ಸೊನ್ನೆ ಮಾಡಿದಮೇಲೆ ಒಂದು ಸಲವೂ ಪೀಣ್ಯಕ್ಕೆ ಓಡಿಲ್ಲ. ಖರ್ಚು ಸಾಫ್ಟ್‌ವೇರಿಗೆ ಸೊನ್ನೆ, ಕನ್ವರ್ಟರ್ ಕೇಬಲ್ ಸೇರಿ ಏಳುನೂರು. ಪೈ ನನ್ನ ಹತ್ತಿರ ಸುಮ್ನೆ ಬಿದ್ದಿತ್ತು. ಈಗ ಮಾವ ಚಿಕ್ಕ ಫರ್ನೇಸಿನ ಡಬ್ಬಕ್ಕೂ ಹಾಕಿಕೊಡು ಅಂತಿದ್ದಾರೆ. ಶನಿವಾರ ಮತ್ತೆ ಎಸ್‌ಪಿ ರೋಡು, ಈ ಸಲ ಜೇಬಿನಲ್ಲಿ ಮಲ್ಟಿಮೀಟರ್ ಇಟ್ಟುಕೊಂಡು ಹೋಗುತ್ತೇನೆ.